ಕೊಕ್ಕರೆಯ ಕಾಲಿಗೆ ಅರ್ಧ ಕಿಲೋ

ಬೇಳೆ ಬೇಯಲು ಇಷ್ಟು ಪದ್ಯ, ಮೊಟ್ಟೆ ಬೇಯಲು ಇಷ್ಟು ಪದ್ಯ ಎಂಬ ಅಳತೆ ಪದ್ಯದಮ್ಮನದು. ಗೋಡೆಯ ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಆ ಮನೆಯಲ್ಲಿ ಅನ್ನ ಸೀದದ್ದಿಲ್ಲ, ಬೇಳೆ ಬೇಯದೆ ಉಳಿದದ್ದಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದ ದೇವರ ಪದ್ಯಗಳನ್ನು ಒಲೆ ಹಚ್ಚುತ್ತಾ ಶುರು ಮಾಡಿದರೆ, ಕೊನೆಯ ಸಾಲಿಗೆ ಬರುವ ಹೊತ್ತಿಗೆ ಬೇಳೆ ಒಡೆದಿರುತ್ತಿತ್ತು. ಬೀದಿಯವರು ಅವಳಿಗೆ ಆ ಹೆಸರಿಟ್ಟದ್ದು ಅದಕ್ಕೇ.

ಆ ಬೆಳಿಗ್ಗೆ ಮಾತ್ರ ಪದ್ಯವನ್ನು ನಡುವೆ ನಿಲ್ಲಿಸಬೇಕಾಯಿತು. ಮೆಣಸು ಕುಟ್ಟಲು ಕೈಚಾಚಿದರೆ ಕುಟ್ಟುವ ಗುಂಡು ಜಾಗದಲ್ಲಿರಲಿಲ್ಲ. ಒಲೆ ಸಣ್ಣಗೆ ಮಾಡಿ ಹಿತ್ತಲಿಗೆ ಬಂದು ನೋಡಿದಳು. ಸೊಸೆ ಒಂದು ಕಬ್ಬಿಣದ ಸಣ್ಣ ಪೈಪಿನ ತುದಿಗೆ ಆ ಗುಂಡನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಪೈಪಿನ ನೆತ್ತಿಯ ಮೇಲೆ ತನ್ನ ಹಳೆಯ ಕ್ಯಾಮೆರಾ ಕೂರಿಸಿಕೊಂಡು, ಒಗೆದ ಬಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ ಅತ್ತಿಂದಿತ್ತ ನಡೆಯುತ್ತಿದ್ದಳು.

"ಏ ಹುಡುಗಿ, ಅದು ನನ್ನ ಗುಂಡು ಅಲ್ವಾ?"

"ಕೊಟ್ಟೆ ಅತ್ತೆ, ಈಗಲೇ ಕೊಟ್ಟೆ. ಇದೂ ಆಗ್ತಿಲ್ಲ. ತೂಗಾಡತ್ತೆ."

"ಇದೂ ಅಂದ್ರೆ? ಇನ್ನೇನೇನು ನೇತುಹಾಕಿದ್ದೆ?"

ಸೊಸೆ ಒಂದೊಂದೇ ಹೇಳಿದಳು. ನೀರಿನ ಬಾಟಲಿ ಕಟ್ಟಿದರೆ ಒಳಗಿನ ನೀರೇ ಕುಣಿಯಿತು. ಇಟ್ಟಿಗೆ ಚೂರು ಕಟ್ಟಿದರೆ ಓರೆಯಾಯಿತು. ಹಿತ್ತಲ ಬಾಗಿಲಿನ ಬೀಗ ಸಾಲದಾಯಿತು. ಕಳೆದ ವಾರ ಒಂದಿಡೀ ದಿನ ಬೀಗಕ್ಕಾಗಿ ಮನೆ ತಡಕಾಡಿದ್ದು ನೆನಪಾಗಿ ಪದ್ಯದಮ್ಮ ಹಣೆ ಚಚ್ಚಿಕೊಂಡಳು. ಒಳಗೆ ಬೇಳೆ ಉಕ್ಕಿದ ಸದ್ದಾಯಿತು.

ಈ ಕ್ಯಾಮೆರಾದ ಹುಚ್ಚು ಹೊಸದಲ್ಲ. ಮದುವೆಗೆ ಮುಂಚೆ ಸೊಸೆ ತನ್ನ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಸ್ಟುಡಿಯೋ ಮುಚ್ಚಿದಾಗ ಅಣ್ಣ ಅವಳ ಪಾಲಿಗೆ ಕೊಟ್ಟದ್ದು ಆ ಕ್ಯಾಮೆರಾ ಒಂದನ್ನೇ. ಈಚೆಗೆ ಮಾವನ ಅಂಗಡಿಗೆ ಚಿಲಕ ಕೊಳ್ಳಲು ಬಂದ ಮನೆ ಬ್ರೋಕರ್ ಒಬ್ಬ, ಖಾಲಿ ಮನೆಗಳ ವಿಡಿಯೋ ಮಾಡಿಕೊಡುವವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದ್ದ. ಬೀದಿ ಬಾಗಿಲಿನಿಂದ ಹಿತ್ತಲವರೆಗೆ ಒಂದೇ ಸಮನೆ ನಡೆದು ತೋರಿಸಬೇಕು. ದೂರದಲ್ಲಿ ಕೂತು ನೋಡುವವರಿಗೆ ತಾವೇ ಮನೆ ಹೊಕ್ಕಂತೆ ಅನಿಸಬೇಕು. ಸೊಸೆ ಎರಡು ಮನೆ ಮಾಡಿಕೊಟ್ಟಳು. ನೋಡಿದವರಿಗೆ ತಲೆ ಸುತ್ತಿತಂತೆ. ಮನೆ ಗಟ್ಟಿಯಾಗಿದೆಯಾ, ಅಲ್ಲಾಡುತ್ತಿದೆಯಲ್ಲಾ ಎಂದು ಒಬ್ಬರು ಕೇಳಿದರಂತೆ. ತಿಂಗಳ ಕೊನೆಗೆ ಮಹಡಿ ಇರುವ ಒಂದು ದೊಡ್ಡ ಮನೆ ಬರುತ್ತದೆ, ಅದು ನೆಟ್ಟಗೆ ಬಂದರೆ ಮುಂದಿನ ಮನೆಗಳೆಲ್ಲ ನಿಮಗೇ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಬ್ರೋಕರ್ ಖಂಡತುಂಡವಾಗಿ ಹೇಳಿಬಿಟ್ಟಿದ್ದ. ಕೈ ಅಲುಗಿದರೂ ಕ್ಯಾಮೆರಾ ಅಲುಗದ ಹಾಗೆ ಮಾಡುವ ಯಂತ್ರ ಪೇಟೆಯಲ್ಲಿ ಸಿಗುತ್ತದೆ. ಅದರ ಬೆಲೆ ಕೇಳಿ ಪದ್ಯದಮ್ಮನ ಮಗ ಶಿಳ್ಳೆ ಹೊಡೆದು ಸುಮ್ಮನಾಗಿದ್ದ. ಹಾಗಾಗಿ ಮನೆಯಲ್ಲೇ ಮಾಡುವ ಸಾಹಸ.

ಅಂದು ರಾತ್ರಿ ಊಟಕ್ಕೆ ಕೂತಾಗ ಮಾತು ಎದ್ದಿತು. ಎತ್ತಿದವರು ಪದ್ಯದಮ್ಮನ ಗಂಡ, ಯಜಮಾನರು. ಮನೆಯ ಮುಂಭಾಗದಲ್ಲಿ ಮೊಳೆ, ತಂತಿ, ತಿರುಪು, ಚಿಲಕಗಳ ಅಂಗಡಿ ಅವರದು. ಮಂಡಿ ನೋವು ಶುರುವಾದ ಮೇಲೆ ಸ್ಟೂಲು ಹತ್ತಿ ಮೇಲಿನ ಖಾನೆಯ ಡಬ್ಬಿ ಇಳಿಸುವುದು ಅವರಿಗೆ ಕಷ್ಟವಾಗಿತ್ತು. ಮಗ ಅಂಗಡಿಯಲ್ಲಿ ಕೂರಲೊಲ್ಲದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಸೊಸೆಯಾದರೂ ಗಲ್ಲಾದ ಹಿಂದೆ ಕೂರಲಿ ಎಂಬುದು ಅವರ ಆಸೆ.

"ಬೇರೆಯವರ ಮಲಗೋ ಕೋಣೆ, ಬಚ್ಚಲು ಎಲ್ಲಾ ಹೊಕ್ಕು ನೋಡಿ ಬರೋದೂ ಒಂದು ಕೆಲಸಾನಾ?"

"ಖಾಲಿ ಮನೆ ಮಾವ. ಒಳಗೆ ಯಾರೂ ಇರಲ್ಲ."

"ಯಾರೂ ಇಲ್ಲದ ಮನೆಗೆ ಹೋಗೋದು ಇನ್ನೂ ಚೆನ್ನಾಗಿದೆ."

"ಅಪ್ಪ, ಊಟ ಮಾಡಿ," ಎಂದ ಮಗ.

"ನೀನು ಮಾತಾಡಬೇಡ. ನೀನು ಅಂಗಡಿಲಿ ಕೂತಿದ್ದಿದ್ರೆ ಈ ಮಾತೇ ಬರ್ತಿರಲಿಲ್ಲ."

ಮಗ ತಟ್ಟೆಯಲ್ಲಿ ಮುಖ ಹುದುಗಿಸಿದ. ಸೊಸೆ ಎದ್ದು ಹೋಗಲಿಲ್ಲ, ಅಳಲೂ ಇಲ್ಲ. ಮಾವನ ತಟ್ಟೆಗೆ ಮೊಸರು ಬಡಿಸಿ, ತಿಂಗಳ ಕೊನೆಯವರೆಗೆ ಬಿಡಿ ಮಾವ ಎಂದಳು. ಆ ದೊಡ್ಡ ಮನೆ ಕೈತಪ್ಪಿದರೆ ತಾನಾಗಿ ಬಂದು ಅಂಗಡಿಯಲ್ಲಿ ಕೂರುತ್ತೇನೆ, ಮತ್ತೆ ಕ್ಯಾಮೆರಾದ ಹೆಸರೆತ್ತುವುದಿಲ್ಲ ಎಂದಳು. ಯಜಮಾನರು ಮೊಸರನ್ನ ಕಲೆಸುತ್ತಾ ಯೋಚಿಸಿದರು.

"ಸರಿ, ತಿಂಗಳ ಕೊನೆ. ಆದ್ರೆ ಇನ್ನೊಂದು ಮಾತು. ಅಂಗಡಿ ಸಾಮಾನು ಒಂದನ್ನೂ ಮುಟ್ಟಬಾರದು ಆ ನಿನ್ನ ಕೊಕ್ಕರೆಗೆ."

ಉದ್ದ ಕಾಲು, ಮೇಲೊಂದು ತಲೆ; ಹೋಲಿಕೆ ಎಷ್ಟು ಸರಿಯಾಗಿತ್ತೆಂದರೆ ಸೊಸೆಗೇ ನಗು ಬಂತು. ಅಂದಿನಿಂದ ಆ ವಸ್ತುವಿಗೆ ಅದೇ ಹೆಸರು ನಿಂತಿತು.

ಮುಂದಿನ ವಾರ ಕೊಕ್ಕರೆ ಸ್ವಲ್ಪ ಸ್ವಲ್ಪವೇ ಬೆಳೆಯಿತು. ಮಗ ಡಿಪೋದ ಗುಜರಿಯಿಂದ ಒಂದು ಬೇರಿಂಗ್ ತಂದ. ಸೀಮೆಎಣ್ಣೆಯಲ್ಲಿ ತೊಳೆದರೆ ಅದು ಬೆರಳು ತಾಗಿದರೂ ಸಾಕು, ಗಿರ್ರನೆ ತಿರುಗುತ್ತಿತ್ತು. ಸೊಸೆ ಅದನ್ನು ಕ್ಯಾಮೆರಾದ ಕೆಳಗೆ ಪೈಪಿಗೆ ಸಿಕ್ಕಿಸಿ, ಮುರಿದ ಸೈಕಲ್ಲಿನ ಹಿಡಿಯನ್ನು ಬೇರಿಂಗಿಗೆ ಜೋಡಿಸಿದಳು. ಹಿಡಿದ ಕೈ ಎತ್ತ ಅಲುಗಿದರೂ ಪೈಪು ತನ್ನ ಪಾಡಿಗೆ ನೆಟ್ಟಗೆ ನಿಲ್ಲಬೇಕು, ಉಪಾಯ ಇಷ್ಟೇ. ಅದಕ್ಕೆ ಮೇಲಿನ ಕ್ಯಾಮೆರಾದ ಭಾರವನ್ನು ಕೆಳಗಿನ ಭಾರ ಹದವಾಗಿ ಎಳೆದು ಹಿಡಿಯಬೇಕು. ಕಡಿಮೆಯಾದರೆ ಕ್ಯಾಮೆರಾ ತಲೆ ವಾಲಿಸುತ್ತದೆ, ಜಾಸ್ತಿಯಾದರೆ ಗಂಟೆಯ ನಾಲಿಗೆಯ ಹಾಗೆ ತೂಗುತ್ತದೆ. ಪೈಪಿಗೆ ಬಿಗಿಯಾಗಿ ಕಚ್ಚಿಕೊಂಡು ಕೂರುವ ಅಂಥ ಭಾರವೊಂದು ಸಿಕ್ಕಿರಲಿಲ್ಲ.

ದಿನಾ ಹಿತ್ತಲಲ್ಲಿ ಅವಳು ನಡೆದು ನಡೆದು ಸೋತು ಒಳಗೆ ಬರುವುದನ್ನು ಪದ್ಯದಮ್ಮ ನೋಡುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಸೊಸೆ ಮಾತೇ ಆಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹಾಗೇ ಇದ್ದಳು. ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂದ ಮೇಲೆಯೇ ಅವಳಿಗೆ ಬಾಯಿ ಬಂದದ್ದು.

ಅಂಗಡಿಯ ಕಟ್ಟೆಯ ಮೇಲೆ ತಕ್ಕಡಿಯ ಪಕ್ಕ ತೂಕದ ಕಲ್ಲುಗಳು ಸಾಲಾಗಿ ಕೂತಿರುತ್ತಿದ್ದವು. ಕಬ್ಬಿಣದವಾದರೂ ಎಲ್ಲರ ಬಾಯಲ್ಲಿ ಅವು ಕಲ್ಲುಗಳೇ. ಅರ್ಧ ಕಿಲೋದವು ಎರಡು ಇದ್ದವು. ಮಧ್ಯಾಹ್ನ ಅಂಗಡಿ ಮುಚ್ಚಿ ಯಜಮಾನರು ಊಟ ಮಾಡಿ ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ಮತ್ತೆ ಬಾಗಿಲು ತೆರೆಯುವುದು ರೂಢಿ. ಬ್ರೋಕರನ ಮನೆಗಳ ಕೆಲಸವೂ ಅದೇ ಹೊತ್ತಿನದು; ಕಿಟಕಿಗಳಲ್ಲಿ ಬೆಳಕು ತುಂಬಿರಬೇಕಲ್ಲ. ಪದ್ಯದಮ್ಮ ಒಂದು ಮಧ್ಯಾಹ್ನ ಗಂಡನ ಗೊರಕೆ ಕೇಳಿಸಿಕೊಂಡು, ನಡುಬಾಗಿಲಿನಿಂದ ಅಂಗಡಿಗೆ ಹೋಗಿ, ಒಂದು ಅರ್ಧ ಕಿಲೋ ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿ ಕೊನೆಯ ಲೇತ್ ಕೆಲಸದವನ ಬಳಿ ನಡೆದಳು. ಪೈಪಿನ ತುದಿಯ ಬೋಲ್ಟು ಕೂರುವಂತೆ ಅಡಿಯಲ್ಲೊಂದು ತೂತು ಕೊರೆದು ಒಳಗೆ ತಿರುಪಿನ ಎಳೆ ಹಾಕಿಕೊಡು ಎಂದಳು.

"ಯಜಮಾನ್ರು ಹೇಳಿದ್ರಾ ಅಮ್ಮ?"

"ನಾನು ಹೇಳ್ತಿದೀನಲ್ಲ."

ಕಲ್ಲಿನ ಅಡಿಯ ಗುಳಿಯಲ್ಲಿ ಸೀಸ ತುಂಬಿ ಅದರ ಮೇಲೆ ತೂಕದ ಇಲಾಖೆಯ ಮುದ್ರೆ ಒತ್ತಿರುತ್ತಾರೆ. ಲೇತಿನವನು ಕೊರೆಯುವಾಗ ಸೀಸದ ಬಿಲ್ಲೆ ಪೂರ್ತಿ ಕಿತ್ತು ಬಂತು. ಮೇಲಿನಿಂದ ನೋಡಿದರೆ ಕಲ್ಲು ಮುಂಚಿನ ಹಾಗೇ ಇತ್ತು.

ಮಾವ ಒಪ್ಪಿದರಾ ಎಂದು ಸೊಸೆ ಕೇಳದೆ ಇರಲಿಲ್ಲ. ಪದ್ಯದಮ್ಮನ ಹತ್ತಿರ ಉತ್ತರ ಸಿದ್ಧವಿತ್ತು. ಪಕ್ಕದ ಮನೆಯಿಂದ ತಂದ ಒಂದು ಲೋಟ ಸಕ್ಕರೆಯನ್ನೂ ಅವಳು ಹೊತ್ತು ಮುಳುಗುವುದರೊಳಗೆ ಮುಟ್ಟಿಸಿದವಳು. ಇನ್ನೊಬ್ಬರ ವಸ್ತು ಮನೆಯಲ್ಲಿ ರಾತ್ರಿ ಕಳೆಯಬಾರದೆಂಬುದು ಅವಳಪ್ಪ ಹಾಕಿಕೊಟ್ಟ ಕಟ್ಟಳೆ. "ಅವರು ಏಳೋದರೊಳಗೆ ವಾಪಸ್ಸು ಇಟ್ರೆ ಆಯ್ತು. ಮುಟ್ಟಿದ್ದೂ ಗೊತ್ತಾಗಲ್ಲ, ಮುಕ್ಕಾಗಿದ್ದೂ ಇಲ್ಲ," ಎಂದಳು.

ಕಲ್ಲು ಕೊಕ್ಕರೆಯ ಕಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸೊಸೆ ಹಿತ್ತಲಿನಿಂದ ಅಡುಗೆಮನೆ ಹಾದು ನಡುಮನೆಗೆ ನಡೆದಳು. ಆಮೇಲೆ ಅತ್ತೆಗೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದಳು. ನೀರಿನ ಮೇಲೆ ತೇಲಿಕೊಂಡು ಬಂದಂತೆ ಒಲೆ ಬಂತು, ಪಾತ್ರೆಗಳ ಸಾಲು ಬಂತು, ಬೀನ್ಸ್ ಹೆಚ್ಚುತ್ತಾ ಬಾಯಿ ಅಲುಗಿಸುತ್ತಿದ್ದ ಒಬ್ಬ ಹೆಂಗಸು ಬಂದಳು, ಸದ್ದಿಲ್ಲದೆ ಹಿಂದೆ ಸರಿದು ಹೋದಳು. ಪದ್ಯದಮ್ಮ ಇನ್ನೊಂದು ಸಲ ತೋರಿಸು ಎಂದಳು.

ರಾತ್ರಿ ಯಜಮಾನರೂ ನೋಡಿದರು. ಅಡ್ಡಿಯಿಲ್ಲ, ತೂಗಾಡುತ್ತಿಲ್ಲ ಎಂದರು. ಕಾಲಿಗೆ ಏನು ಕಟ್ಟಿದೆ ಎಂದು ಕೇಳಲಿಲ್ಲ. "ಬಾಗಿಲಿಗೆ ಬಣ್ಣ ಹೊಡೆದು ಎಷ್ಟು ಕಾಲ ಆಯ್ತು? ಅಸಹ್ಯವಾಗಿ ಕಾಣತ್ತೆ," ಎಂದಷ್ಟೇ ಹೇಳಿ ಮಲಗಲು ಹೋದರು.

ಹಾಗೆ ಎರಡು ವಾರ ಸುಸೂತ್ರವಾಗಿ ನಡೆಯಿತು. ಸಣ್ಣ ಮನೆಗಳ ವಿಡಿಯೋ ನೋಡಿ ಬ್ರೋಕರನ ದನಿ ಮೆತ್ತಗಾಯಿತು. ಸೊಸೆ ಪಾತ್ರೆ ತೊಳೆಯುವಾಗ ನೋಡಿ ಬಂದ ಮನೆಗಳ ಕತೆ ಹೇಳತೊಡಗಿದಳು: ಒಂದರಲ್ಲಿ ಬಚ್ಚಲಿಗೆ ಬಾಗಿಲೇ ಇಲ್ಲ, ಇನ್ನೊಂದರಲ್ಲಿ ಯಾರೋ ಮರೆತು ಹೋದ ಒಂಟಿ ಚಪ್ಪಲಿ. ಪದ್ಯದಮ್ಮ ಮಧ್ಯಾಹ್ನ ಕಲ್ಲು ತೆಗೆದುಕೊಡುವಳು, ಸೊಸೆ ಬಂದೊಡನೆ ಅತ್ತೆಯೇ ಬಿಚ್ಚಿ, ಒರೆಸಿ, ಕಟ್ಟೆಯ ಮೇಲಿಟ್ಟು ಬರುವಳು. ಸೊಸೆಗೆ ಕೆಲಸವಿಲ್ಲದ ದಿನ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಒಂದೇ ತೊಡಕೆಂದರೆ ಆ ಆತುರದಲ್ಲಿ ಅಡುಗೆ ಕೆಡುತ್ತಿತ್ತು.

"ಅಮ್ಮ, ಬೇಳೆ ಗಟ್ಟಿ ಇದೆ," ಎಂದ ಮಗ ಒಂದು ದಿನ.

"ನಿಮ್ಮಮ್ಮ ಈಚೆಗೆ ಸಾಲು ನುಂಗ್ತಿದ್ದಾಳೆ," ಎಂದರು ಯಜಮಾನರು. "ನನಗೆ ಗೋಡೆಯಾಚೆಗೂ ಕೇಳತ್ತೆ."

ಪದ್ಯದಮ್ಮ ಬೇಳೆಯನ್ನು ಮತ್ತೆ ಒಲೆಗೇರಿಸಿದಳು.

ದೊಡ್ಡ ಮನೆಗೆ ಇನ್ನೇನು ಒಂದು ವಾರ ಉಳಿದಿತ್ತು. ಅಂಗಡಿಗೆ ಸೋಫಾ ರಿಪೇರಿಯವನು ಬಂದ. ಬಹಳ ಕಾಲದ ಗಿರಾಕಿ. ಕುರ್ಚಿಗೆ ಬಟ್ಟೆ ಬಡಿಯುವ ಸಣ್ಣ ಮೊಳೆಗಳನ್ನು ಅವನು ಯಾವಾಗಲೂ ಅರ್ಧ ಕಿಲೋ ಕೊಂಡು, ತಾನೇ ತಂದ ಒಂದು ತಗಡಿನ ಡಬ್ಬಿಗೆ ಹಾಕಿಸಿಕೊಳ್ಳುವನು. ಅರ್ಧ ಕಿಲೋ ಹಾಕಿದರೆ ಡಬ್ಬಿ ಕಂಠಮಟ್ಟ ತುಂಬಿ ಮುಚ್ಚಳ ಅದುಮಿ ಹಾಕಬೇಕು. ಪದ್ಯದಮ್ಮ ನಡುಬಾಗಿಲಲ್ಲಿ ಗಂಡನಿಗೆ ಚಹಾ ಹಿಡಿದು ನಿಂತಿದ್ದಳು.

"ಯಜಮಾನ್ರೇ, ನನ್ನ ಡಬ್ಬಿ ದೊಡ್ಡದಾಗಿದೆ," ಎಂದ ಅವನು.

"ಏನಂದೆ?"

"ಇಷ್ಟು ವರ್ಷ ತುಂಬಿದ ಡಬ್ಬಿ ಈಗ ತುಂಬಲ್ಲ. ಹೋದ ಸಲವೂ ಹಾಗೇ ಆಯ್ತು. ಮುಚ್ಚಳ ಹಾಕಿ ಅಲ್ಲಾಡಿಸಿದ್ರೆ ಗಲಗಲ ಅನ್ನತ್ತೆ. ನೀವೇ ನೋಡಿ." ಅವನು ಡಬ್ಬಿಯನ್ನು ಗಿಲಕಿಯ ಹಾಗೆ ಆಡಿಸಿ ತೋರಿಸಿದ. ಅವನ ಮುಖದಲ್ಲಿ ತಮಾಷೆಯೇ ಇತ್ತು. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು.

ಯಜಮಾನರು ನಗಲಿಲ್ಲ. ಮೊಳೆ ಬೇರೆ ಕಂಪನಿಯದಿರಬಹುದು ಎಂದು ಡಬ್ಬಿ ತಿರುಗಿಸಿ ನೋಡಿದರು, ಅದೇ ಮೊಳೆ. ತಕ್ಕಡಿಯನ್ನು ಖಾಲಿ ಎತ್ತಿ ಹಿಡಿದರು. ಮುಳ್ಳು ನಡುವೆ ನಿಂತಿತು. ಆಮೇಲೆ ಒಂದು ತಟ್ಟೆಯಲ್ಲಿ ಒಂದು ಅರ್ಧ ಕಿಲೋ ಕಲ್ಲು, ಇನ್ನೊಂದರಲ್ಲಿ ಇನ್ನೊಂದು ಅರ್ಧ ಕಿಲೋ ಕಲ್ಲು ಇಟ್ಟರು. ಎತ್ತಿದರು.

ಒಂದು ತಟ್ಟೆ ಕೆಳಗೆ ನಿಂತಿತು, ಇನ್ನೊಂದು ಮೇಲೆ ಹೋಯಿತು.

ಮೇಲೆ ಹೋದ ತಟ್ಟೆಯ ಕಲ್ಲನ್ನು ಅವರು ತಿರುಗಿಸಿ ನೋಡಿದರು. ಸೀಸ ಇರಲಿಲ್ಲ, ಮುದ್ರೆ ಇರಲಿಲ್ಲ. ಬೆರಳು ತೂರುವಷ್ಟು ತೂತಿತ್ತು. ಸೋಫಾದವನು ನಗು ನಿಲ್ಲಿಸಿದ. ದಿನಾ ಕೊನೆಗೆ ತಂದಿಡುತ್ತಿದ್ದ ಆ ಕಲ್ಲು ಸಾಲಿನ ತುದಿಯಲ್ಲಿ, ಗಂಡನ ಬಲಗೈಗೆ ಎಲ್ಲಕ್ಕಿಂತ ಹತ್ತಿರ ಇರುತ್ತಿತ್ತೆಂಬುದು ಪದ್ಯದಮ್ಮನಿಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ಆ ಕಲ್ಲನ್ನು ತಂದು ಸೊಸೆಯ ತಟ್ಟೆಯ ಪಕ್ಕದಲ್ಲಿಟ್ಟರು. ಮಗನಿಗೆ ಅಂದು ರಜೆ; ಅವನೂ ಇದ್ದ.

"ಇದು ಏನು?"

ಸೊಸೆ ಕಲ್ಲನ್ನು ನೋಡಿದಳು, ಅತ್ತೆಯನ್ನು ನೋಡಲಿಲ್ಲ. "ತಪ್ಪಾಯ್ತು ಮಾವ," ಎಂದಳು.

"ಅಂಗಡಿ ಸಾಮಾನು ಮುಟ್ಟಬೇಡ ಅಂದಿದ್ದೆ. ಒಂದೇ ಮಾತು ಹೇಳಿದ್ದು ನಾನು. ಮುಗೀತು, ಇವತ್ತಿಗೆ ಆ ಕ್ಯಾಮೆರಾ..."

"ರೀ," ಎಂದಳು ಪದ್ಯದಮ್ಮ. "ಅವಳು ಕೇಳಲಿಲ್ಲ. ನಾನು ತಗೊಂಡೆ. ತೂತು ಹಾಕಿಸಿದ್ದೂ ನಾನೇ, ಲೇತಿನವನನ್ನ ಕೇಳಿ."

ಯಜಮಾನರ ಕೈ ಅನ್ನದ ಮೇಲೆಯೇ ನಿಂತಿತು. ಅವಳು ಹೇಳುತ್ತಲೇ ಹೋದಳು: ಮಧ್ಯಾಹ್ನ ತೆಗೆದದ್ದು, ಅವರು ಏಳುವುದರೊಳಗೆ ಇಟ್ಟದ್ದು, ಒಂದು ರಾತ್ರಿಯೂ ಆಚೆ ಉಳಿಸದಿದ್ದದ್ದು. "ಒಂದು ದಿನವೂ ತಪ್ಪಿಸಲಿಲ್ಲ ರೀ. ತಗೊಂಡಿದ್ದನ್ನ ತಗೊಂಡ ಜಾಗಕ್ಕೇ ಇಟ್ಟಿದ್ದೀನಿ."

"ಅದೇ ನೀನು ಮಾಡಿದ ತಪ್ಪು," ಎಂದರು ಅವರು. ದನಿ ಏರಿರಲಿಲ್ಲ. "ಕದ್ದು ಇಟ್ಕೊಂಡಿದ್ರೆ ನನಗೆ ಒಂದು ಕಲ್ಲು ಹೋಗಿರೋದು, ಅಷ್ಟೇ. ವಾಪಸ್ಸು ಇಟ್ಟು ನನ್ನ ಕೈಯಲ್ಲಿ ಕದಿಸಿದೆ."

ಮಗ ಏನೋ ಹೇಳಲು ಬಾಯಿ ತೆರೆದು, ನೀರು ಕುಡಿದ. ಯಜಮಾನರು ಊಟ ಬಿಟ್ಟು ಎದ್ದು, ಹಿತ್ತಲಿಗೆ ಹೋಗಿ ಕಲ್ಲನ್ನು ಚಪ್ಪಡಿಯ ಮೇಲಿಟ್ಟು ದೊಡ್ಡ ಸುತ್ತಿಗೆಯಲ್ಲಿ ಒಡೆದರು. ಬೀಡು ಕಬ್ಬಿಣ, ತೂತಿನ ಕಡೆಯಿಂದ ಎರಡು ಹೋಳಾಯಿತು. ಹೋಳುಗಳನ್ನು ಗುಜರಿ ಡಬ್ಬಕ್ಕೆ ಹಾಕಿ ಕೈತೊಳೆದುಕೊಂಡರು. ಅಂದು ಅವರು ಮಲಗಲಿಲ್ಲ. ಬಿಸಿಲಿನಲ್ಲೇ ಅಂಗಡಿ ಬಾಗಿಲು ತೆರೆದು ಕೂತರು.

ಸಂಜೆ ಸೊಸೆ ಕೊಕ್ಕರೆಯನ್ನು ಬಿಚ್ಚಿದಳು. ಬೇರಿಂಗನ್ನು ಕಾಗದದಲ್ಲಿ ಸುತ್ತಿ, ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕಪಾಟಿನ ಮೇಲಕ್ಕೆ ತಳ್ಳಿದಳು. ಗಂಡ ಬೇಡವೆಂದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಪದ್ಯದಮ್ಮ ಚಹಾ ತೆಗೆದುಕೊಂಡು ಅಂಗಡಿಗೆ ಹೋದರೆ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಸೊಸೆ ಕೂತಿದ್ದಳು. ಯಜಮಾನರು ಪಕ್ಕದಲ್ಲಿ ನಿಂತು ಯಾವ ಡಬ್ಬಿಯಲ್ಲಿ ಯಾವ ತಿರುಪು ಎಂದು ತೋರಿಸಿಕೊಡುತ್ತಿದ್ದರು. ಬಯಸಿದ್ದು ಕೈಗೆ ಬಂದ ಸಂತೋಷವೇನೂ ಅವರ ಮುಖದಲ್ಲಿರಲಿಲ್ಲ.

ಪದ್ಯದಮ್ಮ ಚಹಾ ಕೆಳಗಿಟ್ಟಳು.

"ಏಳು ಅಲ್ಲಿಂದ."

"ಅತ್ತೆ, ನಾನು ಮಾವನಿಗೆ ಮಾತು ಕೊಟ್ಟಿದ್ದೀನಿ..."

"ಮಾತು ಕೊಟ್ಟಿದ್ದು ತಿಂಗಳ ಕೊನೆಗೆ. ತಿಂಗಳು ಇನ್ನೂ ಇದೆ. ತೂಕ ಕೆಡಿಸಿದವಳು ನಾನು, ಕೂರಬೇಕಾದವಳೂ ನಾನು. ಏಳು ಮಗಳೇ, ಆ ಜಾಗ ನನ್ನದು."

ಸೊಸೆ ಮಾವನ ಕಡೆ ನೋಡಿದಳು. ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. "ಅಡುಗೆ ಯಾರು ಮಾಡ್ತಾರೆ?" ಎಂದರು.

"ಒಲೆ ಇಲ್ಲಿಗೆ ಕೂಗಳತೆ. ಪದ್ಯ ಇಲ್ಲೇ ಹೇಳ್ತೀನಿ, ಮುಗಿದಾಗ ಅವಳು ಇಳಿಸ್ತಾಳೆ."

ಅದೇ ನಡೆಯಿತು. ಮಂಡಿ ಗಟ್ಟಿಯಿದ್ದ ಪದ್ಯದಮ್ಮ ಸ್ಟೂಲು ಹತ್ತಿ ಇಳಿದಳು, ಯಜಮಾನರು ತೂಗಿದರು. ಅರ್ಧ ಕಿಲೋ, ಒಂದು ಕಿಲೋ ಕೊಂಡವರಿಗೆಲ್ಲ ತೂಕ ಮುಗಿದ ಮೇಲೆ ಒಂದು ಹಿಡಿ ಮೊಳೆ ಜಾಸ್ತಿ ಹಾಕುವುದು ಅವರು ಮಾಡಿದ ಏರ್ಪಾಡು. ಯಾರಿಗೆ ಎಷ್ಟು ಕಡಿಮೆ ಹೋಗಿದೆಯೋ ದೇವರೇ ಬಲ್ಲ. ಬಂದವರಿಗೆಲ್ಲ ಹಾಕುವುದೊಂದೇ ದಾರಿ. ಯಾಕೆ ಎಂದು ಕೇಳಿದವರಿಗೆ ಪದ್ಯದಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು: ನಾನು ಕಲ್ಲಿಗೆ ತೂತು ಹಾಕಿಸಿದ್ದೆ, ಇವರಿಗೆ ಗೊತ್ತಿರಲಿಲ್ಲ. ಕೆಲವರು ನಕ್ಕರು, ಕೆಲವರು ಮೂಗು ಮುರಿದರು. ಒಬ್ಬ ಪೇಂಟರು ತಾನು ಈ ತಿಂಗಳು ಏನೂ ಕೊಂಡಿಲ್ಲ, ಆದರೂ ಹಿಡಿ ಮೊಳೆ ಕೊಡುವುದಾದರೆ ಬೇಡವೆನ್ನುವುದಿಲ್ಲ ಎಂದ. ಸೋಫಾ ರಿಪೇರಿಯವನು ಮಾತ್ರ ಗೊಣಗಿದ. ಮುಂಚೆ ಡಬ್ಬಿ ತುಂಬುತ್ತಿರಲಿಲ್ಲ, ಈಗ ಮುಚ್ಚಳ ಕೂರುತ್ತಿಲ್ಲ, ಈ ಅಂಗಡಿಯಿಂದ ನನಗೆ ನೆಮ್ಮದಿಯೇ ಇಲ್ಲ ಎಂದ. ಯಜಮಾನರು ಅಂದು ಮೊದಲ ಸಲ ನಕ್ಕರು.

ಸೊಸೆ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿದ್ದಳು. ಆದರೆ ಕೊಕ್ಕರೆ ಮತ್ತೆ ಮೊದಲಿನ ಸ್ಥಿತಿಗೆ ಬಂದಿತ್ತು. ಗಂಡ ಡಿಪೋದಿಂದ ತಂದ ನಟ್ಟುಗಳನ್ನು ಪೋಣಿಸಿದರೆ ಭಾರ ಸಾಲದು. ದಪ್ಪ ಗಿಯರು ಕಟ್ಟಿದರೆ ಎತ್ತಲೇ ಆಗದು. ಬೇರೆ ಅಂಗಡಿಯಲ್ಲಿ ಒಂದು ತೂಕದ ಕಲ್ಲು ಕೊಂಡು ತರುತ್ತೇನೆ ಎಂದು ಅವನು ಹೇಳಿದಾಗ ಸೊಸೆ, ಇನ್ನೊಂದು ಕಲ್ಲಿಗೆ ತೂತು ಹಾಕಿದ್ದನ್ನು ಮಾವ ಈ ಮನೆಯಲ್ಲಿ ನೋಡಬಾರದು ಎಂದಳು. 

ದೊಡ್ಡ ಮನೆಯ ದಿನ ಬಂತು. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತು. ಯಜಮಾನರು ತಕ್ಕಡಿ ಒರೆಸುತ್ತಿದ್ದರು, ಪದ್ಯದಮ್ಮ ಬೇಳೆಯ ಪದ್ಯದ ನಡುವಿನಲ್ಲಿದ್ದಳು. ಸೊಸೆ ನಡುಬಾಗಿಲಿನಿಂದ ಬರಲಿಲ್ಲ. ಹಿತ್ತಲಿನಿಂದ ಸುತ್ತಿಕೊಂಡು ಬೀದಿಗೆ ಬಂದು, ಕೊಕ್ಕರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಿರಾಕಿಗಳು ನಿಲ್ಲುವ ಕಡೆ ಕಟ್ಟೆಯ ಮುಂದೆ ನಿಂತಳು.

"ಅರ್ಧ ಕಿಲೋ ಮೊಳೆ ಕೊಡಿ," ಎಂದು ದುಡ್ಡನ್ನು ಕಟ್ಟೆಯ ಮೇಲಿಟ್ಟಳು.

ಯಜಮಾನರು ಬಟ್ಟೆ ಕೆಳಗಿಟ್ಟರು. ಅವಳನ್ನೂ ಕಂಕುಳಲ್ಲಿದ್ದುದನ್ನೂ ನೋಡಿದರು.

"ಯಾವ ಮೊಳೆ?"

"ಎಲ್ಲಕ್ಕಿಂತ ಸಣ್ಣದು. ಒತ್ತಾಗಿ ಕೂರಬೇಕು, ಸದ್ದು ಮಾಡಬಾರದು."

ಅವರು ಉಳಿದಿದ್ದ ಒಂದೇ ಅರ್ಧ ಕಿಲೋ ಕಲ್ಲನ್ನು ತಟ್ಟೆಗೆ ಹಾಕಿ ತೂಗಿದರು. ಮುಳ್ಳು ನಿಂತಿತು. ಆಮೇಲೆ ರೂಢಿಬಲದಿಂದ ಕೈ ಡಬ್ಬಿಗೆ ಹೋಗಿ ಒಂದು ಹಿಡಿ ಎತ್ತಿ ಮೇಲೆ ಸುರಿಯಿತು. ಸೊಸೆ ದಪ್ಪ ಬಟ್ಟೆಯ ಒಂದು ಸಣ್ಣ ಚೀಲ ಹೊಲಿದು ತಂದಿದ್ದಳು. ಪದ್ಯದಮ್ಮ ಮೊಳೆಗಳನ್ನು ಅದಕ್ಕೆ ಸುರಿದು, ಬಾಯಿಗೆ ದಾರ ಸುತ್ತಿ, ಪೈಪಿನ ತುದಿಗೆ ಅಲುಗದ ಹಾಗೆ ಬಿಗಿದು ಕಟ್ಟಿದಳು. ಸೊಸೆ ಒಂದು ಕೈಯಲ್ಲಿ ಹಿಡಿಯನ್ನು ಹಿಡಿದು, ಪೈಪನ್ನು ಅಡ್ಡ ಮಲಗಿಸಿ ಇನ್ನೊಂದು ಕೈ ಬಿಟ್ಟಳು. ಚೀಲ ದಡಕ್ಕನೆ ಕೆಳಗಿಳಿದು ಅತ್ತಿತ್ತ ತೂಗಾಡಿತು.

"ಜಾಸ್ತಿ ಆಯ್ತು ಮಾವ."

"ಏನು?"

"ತೂಕ ಜಾಸ್ತಿ ಆಯ್ತು. ಮೊಳೆ ತೆಗೀಬೇಕು."

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಅಂಗಡಿ ಇಟ್ಟಾಗಿಂದ ಜಾಸ್ತಿ ಆಯ್ತು ಅಂದ ಗಿರಾಕಿ ಇವಳೇ ಮೊದಲು."

ಚೀಲದ ದಾರವನ್ನು ಅವರೇ ಬಿಚ್ಚಿದರು. ಹಾಕಿದ ಹಿಡಿಯನ್ನು ಹಾಗೇ ತೆಗೆದರು. ಸೊಸೆ ಮತ್ತೆ ಕೈಬಿಟ್ಟಳು, ಇನ್ನೂ ಜೋರಾಗಿತ್ತು. ಒಂದು ಚಿಟಿಕೆ ತೆಗೆದರು. ಇನ್ನೊಂದು ಚಿಟಿಕೆ. ಆಮೇಲೆ ಅವಳು ಹೇಳುವುದಕ್ಕೂ ಕಾಯದೆ, ಕನ್ನಡಕ ಏರಿಸಿಕೊಂಡು, ಕೊಕ್ಕರೆಯನ್ನು ತಮ್ಮ ಕೈಗೇ ತೆಗೆದುಕೊಂಡು, ಅಡ್ಡ ಹಿಡಿದು ಬಿಡುವುದು, ನಾಲ್ಕೈದು ಮೊಳೆ ತೆಗೆಯುವುದು, ಮತ್ತೆ ಬಿಡುವುದು. ಒಂದು ತಿರುಪು ಕೊಳ್ಳಲು ಬಂದಿದ್ದವನೊಬ್ಬ ಎರಡು ಸಲ ಕೆಮ್ಮಿ, ಆಮೇಲೆ ತಾನೂ ಬಗ್ಗಿ ನೋಡತೊಡಗಿದ. ಕೊನೆಗೊಮ್ಮೆ ಕೈಬಿಟ್ಟಾಗ ಚೀಲ ಎಮ್ಮೆ ನೀರಿಗಿಳಿಯುವ ಹಾಗೆ ನಿಧಾನವಾಗಿ ಇಳಿದು, ಕೆಳಗೆ ಬಂದು, ನಿಂತಿತು. ಕ್ಯಾಮೆರಾ ನೆಟ್ಟಗೆ ಬೀದಿಯನ್ನು ನೋಡುತ್ತಿತ್ತು.

"ಹೊರಡು," ಎಂದರು ಯಜಮಾನರು. "ಬೆಳಕು ಹೋಗತ್ತೆ."

ಒಳಗೆ ಬೇಳೆ ಉಕ್ಕಿ ಒಲೆ ಆರಿಸಿತ್ತು. ಅಂದು ಎಲ್ಲರೂ ಅರೆಬೆಂದ ಬೇಳೆ ಉಂಡರು.

ಹೊತ್ತು ಮುಳುಗುವ ಮುಂಚೆ ಸೊಸೆ ಬಂದಳು. ಈ ಸಲವೂ ಅಂಗಡಿಯ ಕಡೆಯಿಂದಲೇ. ಕೊಕ್ಕರೆಯನ್ನು ಗೋಡೆಗೆ ಒರಗಿಸಿ, ಹೆಗಲ ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟದ್ದು ಒಂದು ಬೀಗದ ಕೈ ಗೊಂಚಲು. ಮುಂದಿನ ವಾರದ ಮನೆಗಳವು ಎಂದಳು. ಬ್ರೋಕರ್ ಮಹಡಿ ಮೆಟ್ಟಿಲಿನ ಭಾಗವನ್ನು ಎರಡು ಸಲ ನೋಡಿ, ಮೆಟ್ಟಿಲು ಹತ್ತಿದಿರೋ ಹಾರಿದಿರೋ ಎಂದು ಕೇಳಿದನಂತೆ. ಯಜಮಾನರು ಒಂದೊಂದೇ ಬೀಗದ ಕೈ ತಿರುವಿ ನೋಡಿದರು. ಇದರ ಹಲ್ಲು ಸವೆದಿದೆ, ಎಣ್ಣೆ ಹಾಕಿ ತೆರೆ, ಜೋರು ಮಾಡಿದರೆ ಬೀಗದಲ್ಲೇ ಮುರಿಯುತ್ತದೆ ಎಂದರು. ಸೊಸೆ ಹೂಂ ಎಂದು ಕೈಕಾಲು ತೊಳೆಯಲು ಒಳಗೆ ಹೋದಳು.

ಪದ್ಯದಮ್ಮ ಕೊಕ್ಕರೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹೊರಗೆ ಬೀದಿದೀಪ ಹತ್ತಿಕೊಳ್ಳುತ್ತಿತ್ತು. ಅವಳು ಚೀಲದ ದಾರ ಬಿಚ್ಚಿ, ಅದನ್ನು ಸೆರಗಿನಲ್ಲಿ ಹಿಡಿದುಕೊಂಡು, ಸಣ್ಣ ಮೊಳೆಯ ಡಬ್ಬಿಯ ಹತ್ತಿರ ಹೋಗಿ ಮುಚ್ಚಳ ತೆಗೆದಳು.

"ಏನು ಮಾಡ್ತಿದೀಯ?" ಎಂದರು ಯಜಮಾನರು.

"ಇವತ್ತಿನ ಕೆಲಸ ಆಯ್ತಲ್ಲ. ಕತ್ತಲಾಗೋದರೊಳಗೆ ವಾಪಸ್ಸು..."

ಅವರು ಎದ್ದು ಬರಲಿಲ್ಲ. ಕೂತಲ್ಲಿಂದಲೇ ತಂತಿ ಅಳೆಯುವ ಮರದ ಪಟ್ಟಿಯನ್ನು ಎತ್ತಿ ಗಲ್ಲಾದ ಮೇಲಿನ ಗೋಡೆಗೆ ಮೆಲ್ಲಗೆ ಬಡಿದರು. ಅಂಗಡಿ ಶುರುವಾದಾಗ ಅವರೇ ಬಣ್ಣದಲ್ಲಿ ಬರೆದಿದ್ದ ಹಲಗೆ ಅಲ್ಲಿತ್ತು. ಅಕ್ಷರ ಮಾಸಿದ್ದರೂ ಓದಬಹುದಿತ್ತು: ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ.

"ಓದಕ್ಕೆ ಬರತ್ತಲ್ಲ?" ಎಂದರು.

ಪದ್ಯದಮ್ಮ ಹಲಗೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಡಬ್ಬಿಯ ಮುಚ್ಚಳ ಹಾಕಿದಳು. ಚೀಲವನ್ನು ತಂದು ಕೊಕ್ಕರೆಯ ಕಾಲಿಗೆ ಮುಂಚಿಗಿಂತ ಬಿಗಿಯಾಗಿ ಕಟ್ಟಿ, ಅದನ್ನು ಒಳಗೆ ಒಯ್ದು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದಳು. ಆಮೇಲೆ ರಾತ್ರಿಯ ಅಡುಗೆಗೆ ಒಲೆ ಹಚ್ಚಿ, ಮೊದಲ ಪದ್ಯ ಶುರು ಮಾಡಿದಳು. ಗೋಡೆಯಾಚೆ ತಕ್ಕಡಿಯ ತಟ್ಟೆಗೆ ಮೊಳೆ ಸುರಿಯುವ ಸದ್ದು ಒಂದು ಕ್ಷಣ ನಿಂತು, ಅವಳು ಸಾಲು ಮುಗಿಸಿದ ಮೇಲೆ ಮತ್ತೆ ಕೇಳಿಸಿತು.